ನಿನ್ನ ದೊರೆ

ನಮ್ಮ ಕಡಲಂಚಿನಲ್ಲಿ ಜಾನ್ ದೊರೆಯ ಪರವಾಗಿ ಮಾತನಾಡುತ್ತಿದ್ದವನು ತೋರಾಲ್ಡ್ ಒಬ್ಬನೇ. ನಾವು ಉಪ್ಪು ಕಾಯಿಸುವ ಜನ. ಬೇಸಿಗೆಯಲ್ಲಿ ಕಡಲು ಇಳಿದಾಗ ಉಪ್ಪು ಹಿಡಿದ ಕೆಸರುಮಣ್ಣನ್ನು ಕೆರೆದು ತಂದು, ಅದರೊಳಗೆ ನೀರು ಹಾಯಿಸಿ, ಆ ನೀರನ್ನು ಸೀಸದ ಕೊಪ್ಪರಿಗೆಯಲ್ಲಿ ಕುದಿಸುತ್ತೇವೆ. ಉಳಿದ ಮಣ್ಣನ್ನು ಗುಡಿಸಲ ಹಿಂದೆ ಸುರಿಯುತ್ತೇವೆ. ಅಪ್ಪ ಅಜ್ಜಂದಿರು ಸುರಿದ ಮಣ್ಣೇ ದಿಬ್ಬವಾಗಿ ನಿಂತಿದೆ. ಕಡಲು ಉಕ್ಕಿದರೆ ನಾವು ಹತ್ತಿ ಕೂರುವುದೂ ಅದರ ಮೇಲೆಯೇ. ತೋರಾಲ್ಡನ ದಿಬ್ಬಕ್ಕೂ ನನ್ನ ದಿಬ್ಬಕ್ಕೂ ನಡುವೆ ಒಂದು ಕಾಲುವೆ ಅಷ್ಟೆ. ಅವನು ನನಗಿಂತ ಹದಿನೈದು ವರ್ಷ ದೊಡ್ಡವನು. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ, ಅವನ ಹೆಂಡತಿ ಸುನ್ನಿವಾಳನ್ನು ಅತ್ತಿಗೆ.

"ಅಣ್ಣನ ಮಗನನ್ನೇ ಕೊಂದನಂತಲ್ಲ ನಿನ್ನ ದೊರೆ" ಎಂದು ನಾನು ಶುರು ಮಾಡುತ್ತಿದ್ದೆ.

"ನೀನು ಪಕ್ಕದಲ್ಲಿ ನಿಂತು ನೋಡಿದ್ಯಾ?"

"ಎಲ್ಲರೂ ಹೇಳ್ತಾರೆ."

"ನಿನ್ನ ಉಪ್ಪಲ್ಲಿ ಅರ್ಧ ಮರಳು ಅಂತಾನೂ ಎಲ್ಲರೂ ಹೇಳ್ತಾರೆ, ತಮ್ಮಾ."

ದೊರೆ ಕಡಲಾಚೆಯ ನಾರ್ಮಂಡಿ ಸೀಮೆಯನ್ನು ಕಳೆದುಕೊಂಡಾಗಲೂ ಅವನು ಬಿಟ್ಟುಕೊಡಲಿಲ್ಲ. "ಕೊನೇ ಮಗ ಕಣೋ ಅವನು. ಅಪ್ಪ ಎಲ್ಲರಿಗೂ ಹಂಚಿ ಕೈ ತೊಳ್ಕೊಂಡ ಮೇಲೆ ಇವನ ಸರದಿ ಬಂತು. ಅಂಥವನಿಗೆ ಕೈಗೆ ಸಿಕ್ಕಿದ್ದನ್ನ ಹಿಡಿದು ಇಟ್ಕೊಳ್ಳೋದು ಯಾರು ಕಲಿಸ್ತಾರೆ?" ತೋರಾಲ್ಡನೂ ಕೊನೆಯ ಮಗನೇ. ಅವನ ಅಣ್ಣಂದಿರು ಒಳನಾಡಿನ ಹೊಲ ಹಂಚಿಕೊಂಡು ಇವನಿಗೆ ಈ ಉಪ್ಪಿನ ಕೆಸರು ಬಿಟ್ಟಿದ್ದರು.

ಒಳಗಿನಿಂದ ಸುನ್ನಿವಾ ಕೂಗಿ ಹೇಳುತ್ತಿದ್ದಳು: "ಇವರಿಗೆ ದೊರೆ ದೊಡ್ಡಪ್ಪನ ಮಗ. ಕ್ರಿಸ್ಮಸ್ ಊಟಕ್ಕೆ ಅರಮನೆಯಿಂದ ಕರೆ ಬರುತ್ತೆ, ಕಾಯ್ತಾ ಇರು ಓಸ್ಗೋಟ್."

ಅವರಿಗೆ ಮಕ್ಕಳಿರಲಿಲ್ಲ. ಇಬ್ಬರ ಮನೆಯಲ್ಲಿ ಹತ್ತು ಜನರ ಮಾತು ನಡೆಯುತ್ತಿತ್ತು.

ದೊರೆ ಪಟ್ಟಕ್ಕೆ ಬಂದ ಒಂಬತ್ತನೇ ವರ್ಷ, ಈಸ್ಟರ್ ಹತ್ತಿರವಿದ್ದಾಗ, ನಮ್ಮ ಪಾದ್ರಿ ರೈನರ್ ಚರ್ಚಿನ ಬಾಗಿಲು ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ನಿಂತರು. ನಾಡಿನ ಹಿರಿಯ ಗುರುಪೀಠವಾದ ಕ್ಯಾಂಟರ್ಬರಿಯಲ್ಲಿ ಯಾರು ಕೂರಬೇಕೆಂದು ದೊರೆಗೂ ರೋಮಿನ ಪೋಪರಿಗೂ ಜಗಳವಾಗಿತ್ತು. ದೊರೆ ಮಣಿಯಲಿಲ್ಲ. ಪೋಪರು ಇಡೀ ನಾಡಿಗೇ ಬಹಿಷ್ಕಾರ ಹಾಕಿದರು. ಪೂಜೆಯಿಲ್ಲ, ಗಂಟೆಯಿಲ್ಲ. ಹುಟ್ಟಿದ ಮಗುವಿಗೆ ಜ್ಞಾನಸ್ನಾನವುಂಟು, ಸಾಯುವವನ ಪಾಪನಿವೇದನೆ ಕೇಳುವುದುಂಟು. ಸತ್ತವನಿಗೆ ಚರ್ಚಿನ ಅಂಗಳದಲ್ಲಿ ಮಣ್ಣಿಲ್ಲ.

ಮರುವರ್ಷ ಚಳಿ ಶುರುವಾಗುವ ಹೊತ್ತಿಗೆ ತೋರಾಲ್ಡನಿಗೆ ಎದೆಯಲ್ಲಿ ಕಫ ಕಟ್ಟಿತು. ಆರು ದಿನ ಮಲಗಿದ. ಪಾದ್ರಿ ಕೆಸರಿನಲ್ಲಿ ಮೊಣಕಾಲವರೆಗೆ ಹೂತುಕೊಂಡು ಬಂದು ಅವನ ಕೊನೆಯ ಮಾತು ಕೇಳಿಸಿಕೊಂಡರು. ಬೆಳಿಗ್ಗೆ ಪ್ರಾಣ ಹೋಯಿತು.

"ಸಾಯೋಕೆ ಮುಂಚೆ ಬಂದ್ರಿ. ಸತ್ತ ಮೇಲೆ ಬರಲ್ವಾ ಗುರುಗಳೇ?" ಎಂದು ಸುನ್ನಿವಾ ಕೇಳಿದಳು.

"ಅಪ್ಪಣೆ ಇಲ್ಲಮ್ಮ."

"ಇವರು ಏನು ತಪ್ಪು ಮಾಡಿದ್ರು?"

"ತೋರಾಲ್ಡ್ ಏನೂ ಮಾಡಿಲ್ಲ. ತಪ್ಪು ದೊರೆಯದು."

"ಹಾಗಾದ್ರೆ ದೊರೆಯನ್ನ ಹೊರಗೆ ಹಾಕಿ. ಇವರನ್ನ ಒಳಗೆ ಕರ್ಕೊಳ್ಳಿ."

ಪಾದ್ರಿ ಒಳ್ಳೆಯ ಮನುಷ್ಯ. ಅವಳನ್ನು ಬಯ್ಯಲಿಲ್ಲ. ಬೇರೆಯವರು ತಮ್ಮ ಸತ್ತವರನ್ನು ದಾರಿ ಬದಿಯ ಹಳ್ಳದಲ್ಲಿ, ಕಾಡಿನಂಚಿನಲ್ಲಿ ಹೂಳುತ್ತಿದ್ದರು. ಸುನ್ನಿವಾ ಒಪ್ಪಲಿಲ್ಲ. ಗುಡಿಸಲ ಹಿಂದಿನ ದಿಬ್ಬವನ್ನೇ ತೋರಿಸಿದಳು. ನಾನು ಅಗೆದೆ. ಪಾದ್ರಿ ಕಾಲುವೆಯ ಆಚೆ ನಿಂತುಕೊಂಡರು. ಅವರ ತುಟಿ ಅಲುಗುತ್ತಿದ್ದದ್ದು ನನಗೆ ಕಂಡಿತು, ಆದರೆ ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಆಮೇಲೆ ಅವಳೊಬ್ಬಳೇ ಉಪ್ಪು ಕಾಯಿಸಿದಳು. ಕೆಸರು ಕೆರೆಯುವ ಹಲಗೆಯನ್ನು ಗಂಡಸರೇ ಇಬ್ಬರು ಎಳೆಯುತ್ತಾರೆ. ಅವಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬಳೇ ಎಳೆದಳು. ನಾನು ಹೋದರೆ "ನಿನ್ನ ಕೊಪ್ಪರಿಗೆ ನೋಡ್ಕೋ ಹೋಗು" ಎನ್ನುತ್ತಿದ್ದಳು. ಸಂಜೆ ಬೆಂಕಿಗೆ, ಜೌಗಿನಿಂದ ಕಡಿದು ಒಣಗಿಸಿದ, ಸೌದೆಯಂತೆ ಉರಿಯುವ ಮಣ್ಣಿನ ಹೆಂಟೆ ಒಟ್ಟಿದ ಮೇಲೆ ದಿಬ್ಬದ ಬುಡಕ್ಕೆ ಹೋಗಿ ಕೂರುತ್ತಿದ್ದಳು. ಗಾಳಿ ಕಡಲ ಕಡೆಯಿಂದ ಬೀಸಿದರೆ ಅವಳ ಮಾತು ನನ್ನ ಅಂಗಳದವರೆಗೆ ಬರುತ್ತಿತ್ತು.

ಬೇರೆ ಮಾತೂ ಇರುತ್ತಿತ್ತು: ಗುಡಿಸಲ ಹುಲ್ಲು ಕೊಳೆತದ್ದು, ಹೆಬ್ಬಾತು ಮೊಟ್ಟೆ ಬಿಟ್ಟು ಎದ್ದುಹೋದದ್ದು. ಆದರೆ ಹೆಚ್ಚಿನದು ದೊರೆಯ ಸುದ್ದಿಯೇ. ಉಪ್ಪು ಕೊಳ್ಳಲು ಬಂದವರ ಬಾಯಿಂದ ಕೇಳಿದ್ದನ್ನೆಲ್ಲ ಅವಳು ಅಲ್ಲಿ ಕೂತು ಒಪ್ಪಿಸುತ್ತಿದ್ದಳು.

"ಕೇಳಿಸ್ಕೊಂಡ್ಯಾ? ನಿನ್ನ ದೊರೆ ಈಗ ಐರ್ಲೆಂಡಿಗೆ ಹೋಗಿದಾನೆ. ಪೋಪರು ಅವನನ್ನೇ ಮತದಿಂದ ಹೊರಗೆ ಹಾಕಿ ವರ್ಷ ಆಯ್ತು, ಏನೂ ಆಗದವನ ಹಾಗೆ ಓಡಾಡ್ತಿದಾನೆ."

ಇನ್ನೊಂದು ವರ್ಷ: "ವೇಲ್ಸಿನವರ ಮಕ್ಕಳನ್ನ ಒತ್ತೆ ಇಟ್ಕೊಂಡಿದ್ನಲ್ಲ, ಅಷ್ಟೂ ಜನರನ್ನ ನೇಣಿಗೆ ಹಾಕಿಸಿದನಂತೆ. ಚಿಕ್ಕ ಚಿಕ್ಕ ಮಕ್ಕಳು. ಈಗ ಹೇಳು. ಕೊನೇ ಮಗ, ಪಾಪ, ಅಂತ ಹೇಳು ನೋಡೋಣ."

ಹಾಗೆ ಹೇಳಿ ಅವಳು ಸುಮ್ಮನಾಗುತ್ತಿದ್ದಳು, ಉತ್ತರಕ್ಕೆ ಜಾಗ ಬಿಟ್ಟ ಹಾಗೆ. ಮತ್ತೆ, "ಸಾಕು ಸುಮ್ನಿರು, ನಿನ್ನ ಹತ್ರ ಗೆಲ್ಲೋಕಾಗಲ್ಲ" ಎಂದು ಎದ್ದು ಒಳಗೆ ಹೋಗುತ್ತಿದ್ದಳು. ನನ್ನ ಹೆಂಡತಿ ಹಾವಿಸ್ ಮೊದಮೊದಲು ಹೆದರಿದಳು. "ಅವಳ ತಲೆ ಕೆಟ್ಟಿದೆ" ಎಂದಳು. ಎರಡು ವರ್ಷ ಕಳೆದ ಮೇಲೆ, "ಇವತ್ತು ಅವರಿಬ್ಬರದೂ ಏನು ಜಗಳ?" ಎಂದು ನನ್ನನ್ನೇ ಕೇಳುತ್ತಿದ್ದಳು.

ಕೊನೆಗೆ ದೊರೆ ಪೋಪರಿಗೆ ಮಣಿದ. ತನ್ನ ರಾಜ್ಯವನ್ನೇ ಅವರ ಪಾದಕ್ಕೆ ಒಪ್ಪಿಸಿ ಮತ್ತೆ ಅವರ ಕೈಯಿಂದಲೇ ಇಸಿದುಕೊಂಡನಂತೆ. ಮರುಬೇಸಿಗೆಯಲ್ಲಿ ಬಹಿಷ್ಕಾರ ಎತ್ತಿದರು. ಆರು ವರ್ಷಗಳ ಮೇಲೆ ಗಂಟೆ ಬಾರಿಸಿದಾಗ ನಮ್ಮ ದನಗಳು ಬೆದರಿ ಜೌಗಿಗೆ ನುಗ್ಗಿದವು. ಅಷ್ಟು ದಿನ ಹೊರಗೆ ಹೂತವರನ್ನೆಲ್ಲ ಹರಸಿದ ನೆಲಕ್ಕೆ ತರಬೇಕೆಂದು ಪಾದ್ರಿ ಒಂದು ದಿನ ಗೊತ್ತು ಮಾಡಿದರು. ಒಟ್ಟು ಹದಿನೇಳು ಹೆಣ. ತೋರಾಲ್ಡನದು ಕೊನೆಯದು.

ನಾನೇ ಅಗೆದೆ. ಮೂಳೆ ಸಿಗುತ್ತದೆಂದು ಗೋಣಿ ತಂದಿದ್ದೆ. ಗುದ್ದಲಿಗೆ ಉಣ್ಣೆಬಟ್ಟೆ ಸಿಕ್ಕಿತು, ಆಮೇಲೆ ಕೈ, ಆಮೇಲೆ ಮುಖ. ಚರ್ಮ ಹದ ಮಾಡಿದ ತೊಗಲಿನಂತೆ ಕಂದಿತ್ತು. ಗಡ್ಡ ಮಾತ್ರ ಐದು ವರ್ಷದ ಹಿಂದೆ ಇದ್ದ ಹಾಗೇ ಕೆಂಪಗಿತ್ತು. ಸುತ್ತ ನಿಂತವರು ಶಿಲುಬೆಯ ಗುರುತು ಹಾಕಿಕೊಂಡರು. ಯಾರೋ ಸಂತ ಎಂದರು. ಇನ್ಯಾರೋ ಬೇರೆ ಏನೋ ಎಂದರು.

"ಉಪ್ಪು ಹಾಕಿದ ಮೀನು ಕೆಡುತ್ತಾ? ಇದೂ ಹಾಗೇ. ಬಾಯಿ ಮುಚ್ಕೊಂಡು ಎತ್ತಿ" ಎಂದರು ಪಾದ್ರಿ.

ಸುನ್ನಿವಾ ಗುಂಡಿಗೆ ಇಳಿದು ತಲೆವಸ್ತ್ರದ ಅಂಚಿನಿಂದ ಅವನ ಹಣೆಯ ಮಣ್ಣು ಒರೆಸಿದಳು. "ಇವರನ್ನ ಇಲ್ಲೇ ಬಿಟ್ಬಿಡಿ ಗುರುಗಳೇ" ಎಂದಳು.

"ಬಿಡೋಕಾಗಲ್ಲಮ್ಮ. ಕೊನೇ ದಿನ ಕಹಳೆ ಊದಿದಾಗ ಊರೆಲ್ಲ ಚರ್ಚಿನ ಅಂಗಳದಿಂದ ಒಟ್ಟಿಗೆ ಏಳುತ್ತೆ. ಇವನೊಬ್ಬ ಈ ಕೆಸರಲ್ಲಿ ಎದ್ದು ಯಾವ ಕಡೆ ಹೋಗ್ತಾನೆ?"

ಅವಳು ಗುಂಡಿಯಿಂದ ಮೇಲೆ ಬಂದಳು. ಹದಿನೇಳು ಜನರನ್ನೂ ಉತ್ತರದ ಗೋಡೆಯ ಬದಿಗೆ ಒತ್ತೊತ್ತಾಗಿ ಸಾಲಾಗಿ ಮಲಗಿಸಿದರು. ತೋರಾಲ್ಡನ ಒಂದು ಪಕ್ಕ ಗಿರಣಿಯವನಾದ ಆಲ್ಸಿ, ಇನ್ನೊಂದು ಪಕ್ಕ ಹೆರಿಗೆಯಲ್ಲಿ ಸತ್ತ ಒಬ್ಬ ಹೆಣ್ಣುಮಗಳು. ಹರಸಿ ನೀರು ಚಿಮುಕಿಸಿದರು. ಎಲ್ಲರೂ ಅತ್ತರು, ಎಲ್ಲರಿಗೂ ಸಮಾಧಾನವಾಯಿತು. ನನಗೂ ಆಯಿತು.

ಅವಳಿಗೆ ಆಗಲಿಲ್ಲ. ಅದು ನನಗೆ ತಿಳಿಯಲು ಚಳಿಗಾಲವೇ ಬರಬೇಕಾಯಿತು. ಚರ್ಚಿಗೆ ಹೋಗಿ ಬರಲು ಅರ್ಧ ದಿನ ಬೇಕು. ಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದವಳು ಆಮೇಲೆ ನಿಲ್ಲಿಸಿದಳು.

"ಯಾಕೆ ಅತ್ತಿಗೆ, ಹೋಗಲ್ವಾ?" ಎಂದು ಕೇಳಿದೆ.

"ಹೋಗಿ ಏನು ಮಾಡ್ಲಿ? ಪಕ್ಕದಲ್ಲೇ ಆಲ್ಸಿ ಮಲಗಿದಾನೆ. ಅವನು ಬದುಕಿದ್ದಾಗ್ಲೇ ಕಿವಿ ನೆಟ್ಟಗೆ ಮಾಡ್ಕೊಂಡು ಕೂರ್ತಿದ್ದ. ಅವನ ಮುಂದೆ ಮನೆ ಮಾತು ಆಡೋಕಾಗುತ್ತಾ?"

ನಾನು ನಕ್ಕೆ. ಅವಳು ನಗಲಿಲ್ಲ. ಸಂಜೆ ಗಾಳಿ ಬೀಸಿದರೂ ಆ ಕಡೆಯಿಂದ ಈಗ ಮಾತು ಬರುತ್ತಿರಲಿಲ್ಲ. ಅಗೆದ ಗುಂಡಿಯನ್ನು ಅವಳು ಮುಚ್ಚಲಿಲ್ಲ. ಹೊಸ ಮಣ್ಣನ್ನು ದಿಬ್ಬದ ಇನ್ನೊಂದು ಬದಿಗೆ ಸುರಿಯುತ್ತಿದ್ದಳು. ಶ್ರೀಮಂತರೆಲ್ಲ ಸೇರಿ ದೊರೆಯಿಂದ ಒಂದು ದೊಡ್ಡ ಪತ್ರಕ್ಕೆ ಮುದ್ರೆ ಒತ್ತಿಸಿಕೊಂಡರೆಂದು, ಆಮೇಲೆ ದೊರೆ ಆ ಮಾತು ಮುರಿದು ಯುದ್ಧಕ್ಕೆ ನಿಂತನೆಂದು ಸುದ್ದಿ ಬಂತು. ಅವಳು ಕೇಳಿಸಿಕೊಂಡು ಉಪ್ಪು ಅಳೆದು ಕೊಟ್ಟಳು.

ಅದರ ಮರುವರ್ಷ, ಕೊಯ್ಲು ಮುಗಿದ ದಿನಗಳಲ್ಲಿ, ದೊರೆಯೇ ನಮ್ಮ ಸೀಮೆಗೆ ದಂಡು ತಂದ. ಒಳನಾಡಿನಲ್ಲಿ ಕಣಜಗಳು ಉರಿದವು. ಹೊಗೆ ನಮಗೆ ಕಾಣುತ್ತಿತ್ತು. ಅವನ ಸಾಮಾನಿನ ಗಾಡಿಗಳು ಅಳಿವೆಯ ಮರಳು ದಾಟುವಾಗ ಉಬ್ಬರಕ್ಕೆ ಸಿಕ್ಕಿ ಮುಳುಗಿದವು. ವಾರದೊಳಗೆ ದೊರೆ ಸತ್ತನೆಂದು ಹಾವುಮೀನು ಮಾರುವವನೊಬ್ಬ ಸುದ್ದಿ ತಂದ. ಊರಿನಲ್ಲಿ ಬಿಯರಿನ ಪೀಪಾಯಿ ತೆರೆದರು. ನಾನೂ ಒಂದು ಬಟ್ಟಲು ಕುಡಿದು, ಸುನ್ನಿವಾಳಿಗೆ ಹೇಳೋಣವೆಂದು ಕಾಲುವೆ ದಾಟಿ ಹೋದೆ.

ಅವಳು ಕೊಪ್ಪರಿಗೆಯ ನೊರೆ ತೆಗೆಯುತ್ತಿದ್ದಳು. "ಏನಾಗಿತ್ತಂತೆ?"

"ಹೊಟ್ಟೆ ಕೆಟ್ಟಿತಂತೆ. ನ್ಯೂವಾರ್ಕಿನ ಕೋಟೆಯಲ್ಲಿ."

"ಹತ್ರ ಯಾರಿದ್ರು?"

"ಯಾರೂ ನಿಲ್ಲಲಿಲ್ಲವಂತೆ. ಪ್ರಾಣ ಹೋದ ಕೂಡಲೇ ಆಳುಗಳು ಕೈಗೆ ಸಿಕ್ಕಿದ್ದು ಬಾಚ್ಕೊಂಡು ಓಡಿದ್ರಂತೆ. ಹೆಣ ವೂಸ್ಟರಿಗೆ ಹೋಯ್ತಂತೆ. ಇಬ್ಬರು ಸಂತರ ಸಮಾಧಿ ಇದೆಯಲ್ಲ ಅಲ್ಲಿ, ಅವರ ನಡುವೆ ಮಲಗಿಸಿ ಅಂತ ಮೊದಲೇ ಕೇಳ್ಕೊಂಡಿದ್ದನಂತೆ."

"ಹಾಗೆ ಕೇಳಬಹುದಾ?"

"ದೊರೆ ಕೇಳಬಹುದು."

ಅವಳು ಸೌಟು ಕೆಳಗಿಟ್ಟಳು. ಕೈ ಒರೆಸಿಕೊಂಡು ಸರಸರನೆ ಗುಡಿಸಲ ಹಿಂದಕ್ಕೆ ಹೊರಟಳು. ಬಾಯಿ ಆಗಲೇ ತೆರೆದಿತ್ತು. ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟಳು. ಆ ಖಾಲಿ ಗುಂಡಿಯ ಕಡೆ ನೋಡುತ್ತ ಎಷ್ಟು ಹೊತ್ತು ನಿಂತಳೋ, ಕೊಪ್ಪರಿಗೆ ಸೀದ ವಾಸನೆ ಬಂದು ನಾನೇ ಕೆಳಗಿನ ಬೆಂಕಿ ಹೊರಗೆಳೆದೆ. ಹೊತ್ತುಕೊಂಡು ಬಂದ ಸುದ್ದಿ ನನ್ನ ಕೈಯಲ್ಲೇ ಭಾರವಾಯಿತು. ಹದಿನೇಳು ವರ್ಷ ಆಳಿದವನೊಬ್ಬ ಸತ್ತಿದ್ದ, ಊರೆಲ್ಲ ಕುಡಿಯುತ್ತಿತ್ತು, ಅವಳಿಗೆ ಅದನ್ನು ಹೇಳಲು ಒಬ್ಬರೂ ಇರಲಿಲ್ಲ.

ಮಾರನೆಯ ದಿನ ಅವಳು ಚರ್ಚಿಗೆ ಹೋದಳು. ತನ್ನನ್ನು ತೋರಾಲ್ಡನ ಪಕ್ಕದಲ್ಲಿ ಹೂಳಬೇಕೆಂದು ಕೇಳಿದಳು. ಅಲ್ಲಿ ಒಂದು ಗೇಣೂ ಜಾಗವಿಲ್ಲ, ಪೂರ್ವದ ಗೋಡೆಯ ಬದಿಗೆ ಆಗಬಹುದು ಎಂದರಂತೆ ಪಾದ್ರಿ. ಹಿಂದಿರುಗುವಾಗ ನನ್ನ ಅಂಗಳದಲ್ಲಿ ನಿಂತಳು. ಹಾವಿಸ್ ರೊಟ್ಟಿ ಕೊಟ್ಟಳು. ಅವಳು ತೆಗೆದುಕೊಳ್ಳಲಿಲ್ಲ.

"ಓಸ್ಗೋಟ್, ನಾನು ಸತ್ತರೆ ನನ್ನನ್ನ ಆ ಗುಂಡಿಯಲ್ಲೇ ಹಾಕು."

"ಅಣ್ಣ ಅಲ್ಲಿಲ್ಲವಲ್ಲ ಅತ್ತಿಗೆ."

"ಗೊತ್ತು. ಆದರೆ ನಾನು ಐದು ವರ್ಷ ಆಡಿದ ಮಾತು ಅಲ್ಲೇ ಇದೆ."

ನಾನು ಹೂಂ ಎಂದೆ. ಹಾವಿಸ್ ಕೂಡ ಕೇಳಿಸಿಕೊಂಡಳು.

ಆಮೇಲೆ ನಾಲ್ಕು ಚಳಿಗಾಲ ಅವಳು ಬದುಕಿದಳು. ಒಂದು ಬೆಳಿಗ್ಗೆ ಅವಳ ಗುಡಿಸಲಿನಿಂದ ಹೊಗೆ ಏಳಲಿಲ್ಲ. ನಾವು ಹೋದಾಗ ಕೆಮ್ಮುತ್ತ ಗೋಡೆಗೆ ಒರಗಿ ಕೂತಿದ್ದಳು. ಪಾದ್ರಿಗೆ ಹೇಳಿ ಕಳಿಸಿದೆವು. ಅವರೂ ಈಗ ಮುದುಕರು; ಬರುವಷ್ಟರಲ್ಲಿ ಮುಗಿದಿತ್ತು. ಹೆಣದ ಪಕ್ಕದಲ್ಲಿ ಮಂಡಿಯೂರಿ ಬಹಳ ಹೊತ್ತು ಪ್ರಾರ್ಥಿಸಿ, ನನ್ನ ಹೆಗಲು ಹಿಡಿದು ಎದ್ದರು.

"ಕೊನೆಗೆ ಏನಾದ್ರೂ ಕೇಳ್ಕೊಂಡಳೇನಪ್ಪಾ?"

ಕಹಳೆಯ ಮಾತು ನನ್ನ ತಲೆಯಲ್ಲಿತ್ತು. ಊರವರು ಏನೆನ್ನುತ್ತಾರೋ ಎಂಬ ಅಳುಕೂ ಇತ್ತು. ಗೋಡೆಯ ಆಚೆ ಆ ಗುಂಡಿ ಹುಲ್ಲು ಬೆಳೆದು ಹಾಗೇ ಇತ್ತು.

"ಇಲ್ಲ ಗುರುಗಳೇ" ಎಂದೆ.

ಪೂರ್ವದ ಗೋಡೆಯ ಬದಿಗೆ ಅವಳನ್ನು ಹೂತೆವು. ಒಳ್ಳೆಯ ಜಾಗವೇ, ನೀರು ನಿಲ್ಲುವುದಿಲ್ಲ. ಅಲ್ಲಿಂದ ಉತ್ತರದ ಸಾಲು ಕಾಣುವುದಿಲ್ಲ, ಚರ್ಚಿನ ಮೂಲೆ ಅಡ್ಡ ಬರುತ್ತದೆ. ಮನೆಗೆ ನಡೆಯುವಾಗ ಅರ್ಧ ದಾರಿಯಲ್ಲಿ ಹಾವಿಸ್ ನಿಂತಳು.

"ನೀನು ಹೇಳಬೇಕಿತ್ತು" ಎಂದಳು.

"ಹೇಳಿದ್ರೆ ಅವರು ಒಪ್ತಿದ್ರಾ?"

"ಒಪ್ತಿರಲಿಲ್ಲ. ಆದ್ರೂ ಹೇಳಬೇಕಿತ್ತು."

ಕಡಲು ಇಳಿಯತೊಡಗಿತ್ತು. ಒದ್ದೆ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದೆವು.