ಮುನೇಶ್ವರನ ಕಂಬ

ಅವತ್ತು ಬೆಳಗ್ಗೆ ಎಂಟು ಗಂಟೆಯಾದರೂ ಮಂಜು ಕರಗಿರಲಿಲ್ಲ. ದೇವನಹಳ್ಳಿ ಹತ್ತಿರದ ಸಸ್ಯೋದ್ಯಾನದಲ್ಲಿ, ಬಂಡೆಯ ಮೇಲಿನ ನೋಟದ ಮಂಟಪದಲ್ಲಿ ನಿಂತರೆ ದೂರದ ಬೆಟ್ಟವಿರಲಿ, ಕೆಳಗಿನ ಗುಲಾಬಿ ಮಡಿಗಳೂ ಕಾಣುತ್ತಿರಲಿಲ್ಲ. ಮಂಟಪದ ಚರಿತ್ರೆ ಬರೆಯಲು ಬಂದಿದ್ದ ನವ್ಯಶ್ರೀ ಮಂಡಿಯೂರಿ, ಗಾರೆ ಉದುರಿದ ಕಂಬವೊಂದನ್ನು ಸವರಿ ನೋಡುತ್ತಿದ್ದಳು. ಕಲ್ಲು ಸೀಳಲು ಹೊಡೆದ ಚೌಕನೆಯ ಬೆಣೆಗುಳಿಗಳು. ತುಂಬ ಹಳೆಯ ಕೆಲಸ. ನಾಲ್ಕು ಕಂಬವೂ ಇಂಥವೇ ಆದರೆ ಮಂಟಪ ಉಳಿಸಬೇಕೆಂದು ಬರೆಯುತ್ತೇನೆ, ಇಲ್ಲದಿದ್ದರೆ ಕೆಡವಿ ಕಬ್ಬಿಣದ ಗೋಪುರ ನಿಲ್ಲಿಸುತ್ತಾರೆ ಎಂದಳು.

ಪಕ್ಕದಲ್ಲಿ ನಿಂತಿದ್ದ ಮುದಿ ಕಲ್ಲುಕುಟಿಗ ಮುನಿಸ್ವಾಮಿ ಹೆಗಲ ಟವೆಲ್ ತೆಗೆದು ಕೈಗೆ ಸುತ್ತಿಕೊಂಡ. ಅವನ ಅಪ್ಪ ಕಟ್ಟಿದ್ದರಲ್ಲಿ ಇನ್ನೂ ನಿಂತಿರುವುದು ಇದೊಂದೇ. ಹೌದು ಎಂದಿದ್ದರೆ ಸಾಕಿತ್ತು. ಮಿಕ್ಕ ಮೂರರ ಗಾರೆ ಕೆರೆಯಲು ಅವಳಿಗೆ ಅಪ್ಪಣೆಯಿರಲಿಲ್ಲ.

"ಇಲ್ಲ ಕಣವ್ವ. ಮೂರು ನಮ್ಮಪ್ಪ ಕಡ್ದಿದ್ದು. ನಾಕನೇದು ಎತ್ತುವಾಗ ಮುರ್ದೋಯ್ತು. ಕೆರೆ ಏರಿ ಮುನೇಶ್ವರನ ಗುಡೀಲಿ ಈ ಕಂಬ ಕೇಳ್ಕೊಂಡು ತಂದ. ಬೇರೆ ಕಡ್ಸಿ ಇದನ್ನ ವಾಪಸ್ ಕೊಡ್ತೀನಿ ಅಂತ ಕರ್ಪೂರ ಹಚ್ಚಿದ್ದ."

"ಕೊಡ್ಲಿಲ್ವಾ ತಾತ?"

"ಆ ಮಳೆಗಾಲ್ದಲ್ಲೇ ಹೋಗ್ಬಿಟ್ಟ."

ನವ್ಯಶ್ರೀಯ ಪೆನ್ನು ನಿಂತಿತು. ಬರೆಯದೆ ಬಿಡಲೇ ಎಂಬಂತೆ ಅವನ ಮುಖ ನೋಡಿದಳು.

"ಬರ್ಕೋ. ದೇವ್ರ ಕಲ್ಲನ್ನ ನಮ್ದು ಅನ್ನಕ್ಕಾಯ್ತದಾ?"

ಉದ್ಯಾನದ ಮೇಸ್ತ್ರಿ ಬೀರೇಶ ಆಮೇಲೆ ಇದನ್ನು ಕೇಳಿ, "ಆ ಬಾಯ್ಗೂ ಒಸಿ ಗಾರೆ ಮೆತ್ಕೊಂಡಿದ್ರೆ ಮಂಟಪ ಉಳೀತಿತ್ತಲ್ಲ ತಾತ" ಎಂದ. ಮುನಿಸ್ವಾಮಿ ನಕ್ಕ.

ಸಂಕ್ರಾಂತಿ ಕಳೆದ ಮೇಲೆ ಕ್ರೇನ್ ಬಂತು. ಮೂರು ಕಂಬಗಳನ್ನು ಒಡೆದು ಗೋಪುರದ ಅಡಿಪಾಯಕ್ಕೆ ಹಾಕಿದರು. ನಾಲ್ಕನೆಯದನ್ನು ಮುನೇಶ್ವರನ ಗುಡಿಗೆ ಒಯ್ಯಲು ಬೀರೇಶನೇ ಟ್ರ್ಯಾಕ್ಟರಿಗೆ ಏರಿಸಿಕೊಟ್ಟ.

ಗುಡಿಯ ಮುಂದಿನ ಚಪ್ಪಡಿಯ ಒಂದು ಮೂಲೆಯನ್ನು, ಅಪ್ಪ ಕಂಬ ಒಯ್ದ ದಿನದಿಂದ, ನೀಲಗಿರಿ ದಿಮ್ಮಿಯೊಂದು ಹೊತ್ತು ನಿಂತಿತ್ತು. ಗೆದ್ದಲು ಹಿಡಿದಾಗೆಲ್ಲ ಊರವರು ಬದಲಿಸುತ್ತಿದ್ದರು. ಟ್ರ್ಯಾಕ್ಟರಿನವರು ಅದರ ಪಕ್ಕಕ್ಕೆ ಕಂಬ ಎತ್ತಿ ನಿಲ್ಲಿಸಿದರು. ಕಂಬ ಚಪ್ಪಡಿಗೆ ಮುಟ್ಟಲಿಲ್ಲ. ಮಿಕ್ಕ ಮೂರಕ್ಕೆ ಸಮ ಬರಲೆಂದು ಅಪ್ಪ ಬುಡದಲ್ಲಿ ಒಂದು ಗೇಣು ಕಡಿದಿದ್ದ. ಅದನ್ನು ಅಪ್ಪ ಯಾರಿಗೂ ಹೇಳಿರಲಿಲ್ಲ.

ಟ್ರ್ಯಾಕ್ಟರಿನವರು ಈಗೇನು ಮಾಡುವುದೆಂದು ಕೇಳಿದರು. ಮಲಗಿಸಿಬಿಡಿ ಎಂದ ಮುನಿಸ್ವಾಮಿ. ಅವರು ಹೋದ ಮೇಲೆ, ದೇವರೆದುರು ಮಲಗಿದ್ದ ಕಂಬಕ್ಕೆ ಅಂಟಿದ ಗಾರೆಯನ್ನು ಟವೆಲ್ಲಿನಿಂದ ಒರೆಸಿ, ಕರ್ಪೂರ ಹಚ್ಚಿದ. ಅದು ಆರುವವರೆಗೆ ಕೂತಿದ್ದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕೆರೆ ಏರಿಯಿಂದ ಇಳಿದ.