ಕೈಬಿಡದ ಅತ್ತಿಗೆ

ಆ ಬೆಟ್ಟದೂರಿನ ನೆಮ್ಮದಿ ಎಂಥದ್ದೆಂದರೆ, ಅಲ್ಲಿ ನೊಣ ಕೂಡ ಕೂತ ಜಾಗದಿಂದ ಏಳಲು ಎರಡು ದಿನ ಯೋಚಿಸುತ್ತಿತ್ತು. ಬಿಸಿನೀರ ತೊಟ್ಟಿಗಳಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರಲು ಬಂದ ಪ್ರವಾಸಿಗರು ಒಂದು ಆಕಳಿಕೆ ಶುರುಮಾಡಿದರೆ, ಅದು ಮುಗಿಯುವ ಹೊತ್ತಿಗೆ ಗಡ್ಡ ಬೆಳೆದಿರುತ್ತಿತ್ತು. ಇಡೀ ಊರಿನಲ್ಲಿ ಅವಸರವಿದ್ದದ್ದು ನೆಲ ಸೀಳಿಕೊಂಡು ಬರುವ ಬುಗ್ಗೆಯ ನೀರಿಗೆ ಮಾತ್ರ. ಅದರಲ್ಲಿ ಮೊಟ್ಟೆ ಹಾಕಿದರೆ ಒಳಗಿನ ಕೋಳಿಮರಿಯ ಮೊಮ್ಮಗನೂ ಬೆಂದುಹೋಗುತ್ತಿದ್ದ.

ಆ ಕುದಿನೀರಿಗೆ ಬಾವಿಯ ತಣ್ಣೀರು ಬೆರೆಸಿ ಹದ ಮಾಡುವವನು ಮೊಳಕೈಯಣ್ಣ. ಬಲ ಮೊಳಕೈಯನ್ನು ತೊಟ್ಟಿಗೆ ಅದ್ದಿ, ಕಣ್ಣು ಮುಚ್ಚಿ, "ಎರಡೂವರೆ ಚೊಂಬು" ಎಂದನೆಂದರೆ ಮುಗಿಯಿತು. ಮೂರನೆಯ ಚೊಂಬು ಸುರಿದವರಿಗೆ ನೆಗಡಿ ಗ್ಯಾರಂಟಿ. ಮೂವತ್ತು ವರ್ಷದಿಂದ ಇದೇ ಕೆಲಸ. ಎಡಗೈಯಲ್ಲೂ ನೋಡಬಹುದಲ್ಲ ಎಂದು ಯಾರಾದರೂ ಕೇಳಿದರೆ ಅವನಿಗೆ ಹೆಂಡತಿಯನ್ನು ಬೈದಷ್ಟು ಸಿಟ್ಟು.

"ಅದು ದಡ್ಡ ಕಣ್ರೀ. ಬಲಗೈ ಜೊತೆ ಸುಮ್ನೆ ತೂಗಾಡ್ಕೊಂಡು ಬಂದಿದೆ."

ಅಂಥ ಬಲಗೈಯೇ ಹೋದ ಚಳಿಗಾಲದಲ್ಲಿ ಕೈಕೊಟ್ಟಿತು. ಮೊದಲು ಜೋಮು, ಆಮೇಲೆ ಏನೂ ಇಲ್ಲ. ಕೆಂಡಕ್ಕೂ ಮಂಜುಗಡ್ಡೆಗೂ ವ್ಯತ್ಯಾಸ ತಿಳಿಯದು. ಅವನು ಬಾಯಿಗೆ ಬೀಗ ಹಾಕಿಕೊಂಡು, ಹಬೆ ನೋಡಿ ಅಂದಾಜಿನ ಮೇಲೆ ಚೊಂಬು ಹೇಳತೊಡಗಿದ. ಹೇಳಿಕೊಳ್ಳುವುದಾದರೂ ಯಾರಿಗೆ? ಅಣ್ಣ ಸತ್ತ ಮೇಲೆ ಆ ತೊಟ್ಟಿಗಳ ವಸತಿಗೃಹ ಅತ್ತಿಗೆಯದು. ಬೆನ್ನು ಹಿಡಿದುಕೊಂಡ ಅಡುಗೆಯವಳನ್ನು ಬಸ್ಸು ಹತ್ತಿಸುವಾಗ ಅತ್ತಿಗೆ ಆಡಿದ ಮಾತು ಅವನ ಕಿವಿಯಲ್ಲೇ ಇತ್ತು: "ದುಡಿಯದ ಮೈಗೆ ಈ ಮನೇಲಿ ತಟ್ಟೆ ಇಲ್ಲ."

ಒಂದು ಬೆಳಿಗ್ಗೆ ಗಾಳಿ ಜೋರಾಗಿ ಬೀಸಿ ಹಬೆಯೆಲ್ಲ ಚದುರಿತ್ತು. ತೊಟ್ಟಿಗೆ ಕಾಲಿಟ್ಟ ನಿವೃತ್ತ ಮೇಷ್ಟ್ರು ಮೂರಾಳೆತ್ತರ ಹಾರಿ, "ಅಯ್ಯೋ, ಕೊಂದ್ನಲ್ಲಪ್ಪಾ!" ಎಂದು ಕಿರುಚಿದರು.

"ನಿಮ್ಮ ಚರ್ಮ ಎಳೇದು ಮೇಷ್ಟ್ರೇ," ಎಂದು ಮೊಳಕೈಯಣ್ಣ ನಕ್ಕ. ಅತ್ತಿಗೆ ನಗಲಿಲ್ಲ.

ಮಧ್ಯಾಹ್ನ ಅಂಗಳಕ್ಕೆ ಎರಡು ಬಕೆಟ್ ಬಂದವು. ಹಬೆ ಕಾಣದಂತೆ ಎರಡಕ್ಕೂ ದಪ್ಪ ಕಂಬಳಿ. ಅತಿಥಿಗಳು ಕುರ್ಚಿ ಎಳೆದುಕೊಂಡು ಕೂತರು. ಈ ಊರಿಗೆ ಬಂದಮೇಲೆ ಅವರು ಚುರುಕಾಗಿ ಮಾಡಿದ ಮೊದಲ ಕೆಲಸ ಅದು.

"ಬಾಪ್ಪಾ ಮೈದುನ," ಎಂದಳು ಅತ್ತಿಗೆ, ಇರುವೆ ಮುತ್ತುವಷ್ಟು ಸಿಹಿಯಾಗಿ. "ಒಂದರಲ್ಲಿ ಬಾವಿ ನೀರು, ಒಂದರಲ್ಲಿ ಬುಗ್ಗೆ ನೀರು. ಯಾವುದು ಯಾವುದು ಅಂತ ಹೇಳ್ಬಿಡು. ಮೇಷ್ಟ್ರಿಗೆ ಸಮಾಧಾನ ಆಗ್ಲಿ."

"ಎಳೇ ಮಗುನೂ ಹೇಳತ್ತೆ ಬಿಡಿ."

ಕಂಬಳಿಯ ಅಡಿಯಿಂದ ಮೊದಲ ಬಕೆಟ್ಟಿಗೆ ಬಲ ಮೊಳಕೈ ಇಳಿಸಿದ. ಏನೂ ತಿಳಿಯಲಿಲ್ಲ. ಅತ್ತಿಗೆಯ ಮುಖ ನೋಡಿದ. ಅವಳು ಹಾಯಾಗಿ ನಗುತ್ತಿದ್ದಳು. ಮೈದುನ ಬೇಯುತ್ತಿದ್ದರೆ ಯಾರಾದರೂ ಹಾಗೆ ನಗುತ್ತಾರೆಯೇ? ಹಾಗಾದರೆ ಇದು ಬಾವಿಯದೇ.

"ಬಾವೀದು," ಎಂದ. ಗತ್ತಿಗಾಗಿ ಕೈಯನ್ನು ಇನ್ನಷ್ಟು ಹೊತ್ತು ಅಲ್ಲೇ ಇಟ್ಟ. "ಅಬ್ಬಾ, ಏನು ತಣ್ಣಗಿದೆ!"

ಕೈ ಹೊರಬಂದಾಗ ಚರ್ಮ ಒದ್ದೆ ಅಂಗಿಯ ತೋಳಿನಂತೆ ಜಾರುತ್ತಿತ್ತು. ಅವನು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದ. ಆಮೇಲೆ ಚಪ್ಪಾಳೆ, ಎದುರಿನ ಬೆಟ್ಟ ಎರಡಂಗುಲ ಹಿಂದೆ ಸರಿಯುವಂಥ ಚಪ್ಪಾಳೆ.

"ಮುಖ ಒಂಚೂರೂ ಕಿವುಚಲಿಲ್ಲ ನೋಡ್ರೀ!" ಎಂದರು ಮೇಷ್ಟ್ರು. "ಇನ್ನೊಂದ್ಸಲ ಮಾಡ್ಸಿ ಅಮ್ಮಾ. ನಮ್ಮನೆಯವಳು ಮಲಗಿದ್ಲು, ನೋಡ್ಲೇ ಇಲ್ಲ."

ಅತ್ತಿಗೆ ಅವರೆಲ್ಲರ ಹೊಳೆಯುವ ಕಣ್ಣುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಮೈದುನನನ್ನು ಒಳಗೆ ಕರೆದೊಯ್ದು ಕೈಗೆ ಬಟ್ಟೆ ಸುತ್ತಿದಳು.

"ಬಸ್ಸು ಹತ್ತಿಸ್ಬೇಡಿ ಅತ್ತಿಗೆ," ಎಂದ ಅವನು. "ಎಡಗೈಗೆ ಗೊತ್ತಾಗತ್ತೆ. ಇನ್ಮೇಲೆ ಅದರಲ್ಲೇ ಹದ ನೋಡ್ತೀನಿ."

"ಹದ ನೋಡೋಕೆ ಪಾದರಸದ ಗಾಜಿನ ಕಡ್ಡಿ ಸಿಗತ್ತೆ, ಅದು ಊಟ ಕೇಳಲ್ಲ. ಆದ್ರೆ ನಾನು ನಿನ್ನ ಕೈ ಬಿಡ್ತೀನಾ? 'ಬೇಯದ ಮನುಷ್ಯ' ಅಂತ ಬೋರ್ಡು ಬರೆಸ್ತೀನಿ. ನಾಳೆ ಎಡಗೈ ಹಾಕು. ಮುಖ ಮಾತ್ರ ಕಿವುಚಬೇಡ. ಕಿವುಚಿದ್ರೆ, ಬಸ್ಸು ಹನ್ನೊಂದಕ್ಕೆ."

ಮರುದಿನ ಮೇಷ್ಟ್ರ ಹೆಂಡತಿ ಮುಂದಿನ ಕುರ್ಚಿಯಲ್ಲೇ ಇದ್ದರು. ಈ ಸಲ ಕಂಬಳಿಯಿರಲಿಲ್ಲ. ಮೊಳಕೈಯಣ್ಣ ಎಡಗೈ ಇಳಿಸಿದ. ಮೂವತ್ತು ವರ್ಷ ದಡ್ಡ ಎಂದು ಬೈಸಿಕೊಂಡ ಆ ಕೈ, ನೀರು ಎಷ್ಟು ಬಿಸಿ, ಎಷ್ಟು ಚೊಂಬು ತಣ್ಣೀರು ಬೇಕು ಎಂಬುದನ್ನು ಚಾಚೂ ತಪ್ಪದೆ ಹೇಳಿತು.

"ಹಿತವಾಗಿದೆ," ಎಂದು ಅವನು ನಕ್ಕು, ಕೈ ಮೇಲೆತ್ತಲು ಹೋದ.

"ಅಯ್ಯೋ, ನಿಧಾನವಾಗಿ ತೆಗೀರಿ," ಎಂದರು ಮೇಷ್ಟ್ರ ಹೆಂಡತಿ. "ಇಲ್ಲಿ ಯಾರಿಗೆ ಏನು ಅವಸರ?"