ಒಂದೇ ರೀಲಿನ ಫಿಲ್ಮು

"ಇನ್ನೊಂದು ಚಾಪೆ ಹಾಸಿಬಿಡಿ ಟೀಚರಮ್ಮಾ, ಜನ ಬರ್ತಾನೇ ಇದಾರೆ" ಎಂದು ಖೈರುನ್ನೀಸಾ ಹೇಳಿದಾಗ ಜಯಶೀಲಾ ಆಗಲೇ ಚಾಪೆ ಬಿಚ್ಚುತ್ತಿದ್ದರು. ಭದ್ರಾವತಿಯ ಜನ್ನಾಪುರದ ಆ ಪುಟ್ಟ ಮನೆಯ ಅಂಗಳ ತುಂಬಿಹೋಗಿತ್ತು. ಒಳಗೆ ಖೈರುನ್ನೀಸಾರ ಗಂಡ ಬಾಬು ಸಾಬರಿಗೆ ಸ್ನಾನ ಮಾಡಿಸಿ ಕಫನ್ ಬಟ್ಟೆ ಹೊದಿಸಿದ್ದರು. ವ್ಯಾನಿನಲ್ಲಿ ಊರೂರು ತಿರುಗಿ ಸರ್ಕಾರಿ ಸಿನಿಮಾ ತೋರಿಸುತ್ತಿದ್ದ ಆಪರೇಟರ್ ಅವರು. ಬೆಳಗಿನ ನಮಾಜು ಮುಗಿಸಿ ಒರಗಿದವರು ಮತ್ತೆ ಏಳಲಿಲ್ಲ.

"ನರಳಲಿಲ್ಲ ಪುಣ್ಯಾತ್ಮ," ಎಂದರು ನೆರೆಮನೆಯ ಮಹಾಂತಮ್ಮ. "ಈ ಮುದುಕೀನ ಸಿನಿಮಾದಲ್ಲಿ ಕುಣಿಸಿ ತಾನು ಹೊರಟೇಬಿಟ್ಟ."

ಖೈರುನ್ನೀಸಾ ಅಳುತ್ತಲೇ ನಕ್ಕರು.

*

ಕೆಲವು ವರ್ಷಗಳ ಹಿಂದೆ, ೧೯೬೨ರಲ್ಲಿ, ಊರಿನ ಚರಿತ್ರೆಯನ್ನು ಶಾಲೆಯ ಮಕ್ಕಳಿಂದಲೇ ಫಿಲ್ಮು ಮಾಡಿಸಬೇಕೆಂದು ಜಯಶೀಲಾ ಹಟ ಹಿಡಿದಿದ್ದರು. ಶಿವಮೊಗ್ಗದ ಗಾಂಧಿ ಬಜಾರಿನ ಸ್ಟುಡಿಯೋದವರು ನಕ್ಕು ಕಳಿಸಿದರು. ಬಾಬು ಸಾಬರು ಮಾತ್ರ ತಮ್ಮ ಹಳೆಯ ಕ್ಯಾಮೆರಾ ಹೊತ್ತು ಭದ್ರಾವತಿಯ ಶಾಲೆಗೇ ಬಂದರು. ಸಿಕ್ಕಿದ್ದು ಒಂದೇ ರೀಲು. ಅದರಲ್ಲಿ ಮಾತು ಮೂಡುತ್ತಿರಲಿಲ್ಲ. ಮಕ್ಕಳು ಮಾತನ್ನು ಬರೆದುಕೊಂಡು, ಆಮೇಲೆ ಫಿಲ್ಮು ತೋರಿಸುವಾಗ ಓದಬೇಕಿತ್ತು.

ಊರಿನ ಕಬ್ಬಿಣದ ಕಾರ್ಖಾನೆ ಕಟ್ಟಿದ ಕಾಲದಲ್ಲಿ ಅಲ್ಲಿ ಇದ್ದಿಲು ಹೊತ್ತವರು ಮಹಾಂತಮ್ಮ. ಅವರ ಮನೆಗೇ ಹೋಗಿ, ಎದುರು ಜಯಶೀಲಾ ತಾವೇ ನಿಂತು, "ಕಾರ್ಖಾನೆ ಸ್ಥಾಪನೆಯ ಮಹತ್ವವೇನು?" ಎಂದು ಕೇಳಿದರು. ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ಕೂತುಬಿಟ್ಟರು. ಬಾಬು ಸಾಬರು ಕ್ಯಾಮೆರಾ ನಿಲ್ಲಿಸಿದರು.

"ಟೀಚರ್, ತಪ್ಪು ತಿಳೀಬೇಡಿ. ಸ್ವಲ್ಪ ಬಾಗಿಲಾಚೆ ನಿಂತ್ಕೊಳ್ಳಿ."

"ಮಕ್ಕಳು ಏನಾದ್ರೂ ಕೇಳಿ ಕೆಡಿಸಿದ್ರೆ? ಇರೋದು ಒಂದೇ ರೀಲು."

"ಕೆಟ್ರೆ ಕೆಡ್ಲಿ ಬಿಡಿ. ಅಜ್ಜಿ ಹತ್ರ ಮಾತಾಡೋದನ್ನ ಮಕ್ಕಳಿಗೆ ನಾವು ಕಲಿಸ್ಬೇಕಾ?"

ಜಯಶೀಲಾ ಒಲ್ಲದ ಮನಸ್ಸಿನಿಂದ ಸರಿದರು. ಫಿರೋಜಾ ಎಂಬ ಹುಡುಗಿ ಅಜ್ಜಿಯ ಪಕ್ಕ ಹೋಗಿ ಕೂತಳು.

"ಅಜ್ಜೀ, ಮೈಯೆಲ್ಲ ಕಪ್ಪು ಮಾಡ್ಕೊಂಡು ಮನೆಗೆ ಬಂದ್ರೆ ನಿಮ್ಮ ಮಗು ಹೆದರ್ತಿರ್ಲಿಲ್ವಾ?"

"ಹೆದರ್ತಿತ್ತು ಕಣೇ ಮಾರಾಯ್ತಿ! ನನ್ನ ದನಿ ಕೇಳಿದ ಮೇಲೇ ನಮ್ಮ ಉಜ್ಜನಪ್ಪ ಹತ್ರ ಬರ್ತಿದ್ದ." ಮಹಾಂತಮ್ಮ ಎದ್ದು, ಇಲ್ಲದ ಬುಟ್ಟಿಯನ್ನು ತಲೆಗೇರಿಸಿ, ಸೊಂಟ ಬಳುಕಿಸುತ್ತ ಓಣಿಯುದ್ದಕ್ಕೂ ನಡೆದು ತೋರಿಸಿದರು. ಕ್ಯಾಮೆರಾ ಗಿರ್ರೆನ್ನುತ್ತಿತ್ತು.

ಶಾಲೆಯ ಗೋಡೆಯ ಮೇಲೆ ಅದನ್ನು ತೋರಿಸಿದ ಸಂಜೆ ಉಜ್ಜನಪ್ಪ "ನಮ್ಮವ್ವ!" ಎಂದು ಕೂಗಿ, ಎಲ್ಲರೆದುರೇ ಅತ್ತುಬಿಟ್ಟಿದ್ದ. ಆಮೇಲೆ ಬಾಬು ಸಾಬರಿಗೆ ರಜೆ ಸಿಕ್ಕಿದಾಗಲೆಲ್ಲ ಇಂಥದೇ ಫಿಲ್ಮು ಮಾಡಿಸಲು ಯಾವುದಾದರೊಂದು ಶಾಲೆಯ ಮೇಷ್ಟರಿಂದ ಕರೆ ಬರುತ್ತಿತ್ತು.

*

ಶವ ಹೊತ್ತ ಜನಾಜಾ ಎದ್ದಿತು. ಶಿವಮೊಗ್ಗದಿಂದ ಬಂದ ಮೇಷ್ಟರುಗಳೂ ಹೆಗಲು ಕೊಟ್ಟರು. ಹೆಂಗಸರು ಬಾಗಿಲಲ್ಲೇ ಉಳಿದರು.

ಕಾರ್ಖಾನೆಯ ಶಿಫ್ಟು ಆಗಷ್ಟೇ ಬಿಟ್ಟಿತ್ತು. ಎದುರಿನಿಂದ ಬರುತ್ತಿದ್ದ ಸೈಕಲ್ಲುಗಳು ಒಂದೊಂದಾಗಿ ನಿಂತವು. ಕೆಲಸಗಾರರು ಇಳಿದು, ಸೈಕಲ್ ತಿರುಗಿಸಿ ತಳ್ಳಿಕೊಂಡು ಹಿಂದೆ ನಡೆಯತೊಡಗಿದರು. ಅವರಲ್ಲಿ ಉಜ್ಜನಪ್ಪನೂ ಇದ್ದ.

ಮಹಾಂತಮ್ಮ ಮೆಟ್ಟಿಲಿಳಿದರು.

"ಅವ್ವಾ, ನೀನೆಲ್ಲಿಗೆ? ಹೆಂಗಸ್ರು ಹೋಗಲ್ಲ."

"ತಿರುವಿನ ತನಕ ಬರ್ತೀನಿ, ನಡಿಯೋ."

ಯಾರೂ ತಡೆಯಲಿಲ್ಲ. ತಲೆ ಮೇಲೆ ಸೆರಗೆಳೆದುಕೊಂಡು, ಮಗನ ಸೈಕಲ್ಲಿನ ಕ್ಯಾರಿಯರ್ ಹಿಡಿದು, ಅಷ್ಟು ಗಂಡಸರ ನಡುವೆ ಅವರು ಬರಿಗಾಲಲ್ಲಿ ನಡೆದರು.